ಸೂರ್ಯ: ಹೊಂಗೆ ಮರದ ನೆರಳಿನಿಂದ ತಿರುಳಿನವರೆಗೆ

ಬಿಸಿಲಿನ ಹೊತ್ತಿನಲ್ಲಿ ಹೊಂಗೆ ಮರದ ಕೆಳಗೆ ನಿಂತು ನೆಲ ನೋಡಿ. ಎಲೆಗಳ ನಡುವಿನ ಸಂದುಗಳು ಒಂದೊಂದೂ ಒಂದೊಂದು ಆಕಾರದವು. ನೆಲಕ್ಕೆ ಬಿದ್ದ ಬೆಳಕಿನ ಚುಕ್ಕೆಗಳು ಮಾತ್ರ ಹೆಚ್ಚಿನವು ದುಂಡಗಿರುತ್ತವೆ. ಏಕೆಂದರೆ ಅವು ಸಂದಿನ ಆಕಾರವಲ್ಲ, ಸೂರ್ಯನ ಬಿಂಬಗಳು. 2019ರ ಡಿಸೆಂಬರ್ 26ರ ಗ್ರಹಣದಲ್ಲಿ ಸೂರ್ಯ ಕೊಡಗು, ಮಂಗಳೂರಿನವರಿಗೆ ಬಳೆಯಂತೆ ಕಂಡ. ಉಳಿದೆಡೆ ಇದೇ ಚುಕ್ಕೆಗಳು ಕುಡುಗೋಲಿನಂತೆ ಬಾಗಿದ್ದವು.

ಈ ಬಿಂಬದಿಂದ ಸೂರ್ಯನನ್ನು ಅಳೆಯಲೂಬಹುದು. ಬಿಸಿಲು ಬೀಳುವ ಕಿಟಕಿಯನ್ನು ರಟ್ಟಿನಿಂದ ಮುಚ್ಚಿ, ಗುಂಡುಸೂಜಿಯಿಂದ ಒಂದೇ ಒಂದು ತೂತು ಮಾಡಿ. ತೂತಿನಿಂದ ಎರಡು ಮೀಟರ್ ದೂರದಲ್ಲಿ, ಬೆಳಕಿಗೆ ನೇರವಾಗಿ ಬಿಳಿ ಹಾಳೆ ಹಿಡಿಯಿರಿ. ಬಿಂಬದ ಅಡ್ಡಳತೆ ಸುಮಾರು 18.5 ಮಿಲಿಮೀಟರ್ ಬರುತ್ತದೆ. ಇದನ್ನು 2000 ಮಿಲಿಮೀಟರಿನಿಂದ ಭಾಗಿಸಿ, ಭೂಮಿಯಿಂದ ಸೂರ್ಯನಿಗಿರುವ ದೂರವಾದ 15 ಕೋಟಿ ಕಿಲೋಮೀಟರಿನಿಂದ ಗುಣಿಸಿದರೆ ಹತ್ತಿರ ಹತ್ತಿರ 13.9 ಲಕ್ಷ ಕಿಲೋಮೀಟರ್. ಅದೇ ಸೂರ್ಯನ ವ್ಯಾಸ. 109 ಭೂಮಿಗಳನ್ನು ಸಾಲಾಗಿ ಜೋಡಿಸಿದಷ್ಟು. ಆದರೆ ತೂತಿನ ಮೂಲಕ ಸೂರ್ಯನನ್ನು ನೋಡಬೇಡಿ, ಹಾಳೆಯನ್ನು ಮಾತ್ರ ನೋಡಿ. ಬರಿಗಣ್ಣಿಗೆ ಸೂರ್ಯ ಯಾವತ್ತೂ ಅಪಾಯವೇ.

ಈಗ ಒಳಗಿನ ವಿಷಯ. ‘ಸೂರ್ಯ ಉರಿಯುವ ಬೆಂಕಿಯ ಉಂಡೆ’ ಎಂದು ಬರೆದು ನಾನೊಮ್ಮೆ ಅಂಕ ಕಳೆದುಕೊಂಡಿದ್ದೇನೆ, ನೀವು ಕಳೆದುಕೊಳ್ಳಬೇಡಿ. ಸೌದೆ ಉರಿಯಲು ಆಮ್ಲಜನಕ ಬೇಕು, ಉರಿದ ಮೇಲೆ ಬೂದಿ ಉಳಿಯುತ್ತದೆ. ಸೂರ್ಯನಲ್ಲಿ ನಡೆಯುವುದೇ ಬೇರೆ. ಅದರ ದ್ರವ್ಯರಾಶಿಯಲ್ಲಿ ಸುಮಾರು ಮುಕ್ಕಾಲು ಪಾಲು ಜಲಜನಕ, ಉಳಿದದ್ದರಲ್ಲಿ ಬಹುಪಾಲು ಹೀಲಿಯಂ. ನಡುವಿನ ತಿರುಳಿನಲ್ಲಿ ಒಂದೂವರೆ ಕೋಟಿ ಡಿಗ್ರಿ ಶಾಖ. ಅಲ್ಲಿನ ದ್ರವ್ಯವನ್ನು ಒಂದು ಲೀಟರ್ ಬಾಟಲಿಗೆ ತುಂಬಲು ಸಾಧ್ಯವಿದ್ದರೆ ಅದು 150 ಕಿಲೋ ತೂಗುತ್ತಿತ್ತು. ಈ ಇಕ್ಕಟ್ಟಿನಲ್ಲಿ ನಾಲ್ಕು ಜಲಜನಕ ಬೀಜಗಳು (ಬೀಜ ಅಂದರೆ ಪರಮಾಣುವಿನ ನಟ್ಟನಡುವಿನ ಭಾಗ) ಹಂತ ಹಂತವಾಗಿ ಸೇರಿ ಒಂದು ಹೀಲಿಯಂ ಬೀಜವಾಗುತ್ತವೆ. ಇದೇ ಸಮ್ಮಿಲನ. ಹುಟ್ಟಿದ ಹೀಲಿಯಂ ತುಸು ಹಗುರ, ಕಡಿಮೆಯಾದ ಆ ಪಾಲು ಶಕ್ತಿಯಾಗುತ್ತದೆ. ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಜಲಜನಕ ಬೆಸೆದು, 40 ಲಕ್ಷ ಟನ್ನಿನಷ್ಟು ದ್ರವ್ಯ ಶಕ್ತಿಯಾಗಿ ಹೊರಡುತ್ತದೆ.

ನನಗೆ ನಿಜವಾಗಿ ಬೆರಗು ಹುಟ್ಟಿಸಿದ್ದು ಮುಂದಿನ ಲೆಕ್ಕ. ತಿರುಳಿನ ಒಂದು ಘನ ಮೀಟರ್ ಭಾಗ ಉತ್ಪಾದಿಸುವ ಶಾಖ 300 ವ್ಯಾಟ್ ಕೂಡ ಇಲ್ಲ! ಅದು ಬಿಸಿಯಾಡುವ ಗೊಬ್ಬರದ ಗುಂಡಿಯ ಮಟ್ಟದ್ದು. ಅಷ್ಟೇ ಗಾತ್ರಕ್ಕೆ ಹೋಲಿಸಿದರೆ ನಮ್ಮ ಮೈಯೇ ಹೆಚ್ಚು ಶಾಖ ಹೊಮ್ಮಿಸುತ್ತದೆ. ಹಾಗಾದರೆ ಇಷ್ಟು ಪ್ರಖರತೆ ಎಲ್ಲಿಂದ ಬಂತು? ಗಾತ್ರದಿಂದ. ಸಮ್ಮಿಲನ ಇಷ್ಟು ನಿಧಾನ ಎಂಬ ಕಾರಣಕ್ಕೇ ಸೂರ್ಯ 460 ಕೋಟಿ ವರ್ಷಗಳಿಂದ ಬೆಳಗುತ್ತಿದ್ದಾನೆ, ಇನ್ನೂ 500 ಕೋಟಿ ವರ್ಷಗಳಿಗೆ ಸಾಕಾಗುವಷ್ಟು ಸರಕು ಇದೆ.

ತಿರುಳಿನ ಹೊರಗೆ ವಿಕಿರಣ ವಲಯ. ಇಲ್ಲಿ ಬೆಳಕು ಜಾತ್ರೆಯ ನೂಕುನುಗ್ಗಲಿಗೆ ಸಿಕ್ಕಿದ ಮಗುವಿನಂತೆ ಅಲ್ಲಿ ಇಲ್ಲಿ ಡಿಕ್ಕಿ ಹೊಡೆಯುತ್ತಾ ಸಾಗುತ್ತದೆ. ಶಕ್ತಿ ಹೊರಬರಲು ಸಾವಿರಾರು ವರ್ಷಗಳೇ ಬೇಕು. ಹೊರಬಿದ್ದ ಮೇಲೆ ಭೂಮಿಗೆ ಬರಲು ಎಂಟು ನಿಮಿಷ ಇಪ್ಪತ್ತು ಸೆಕೆಂಡು ಸಾಕು.

ಅದರ ಮೇಲಿನದು ಸಂವಹನ ವಲಯ, ಸುಮಾರು ಎರಡು ಲಕ್ಷ ಕಿಲೋಮೀಟರ್ ದಪ್ಪ. ಅನ್ನಕ್ಕಿಟ್ಟ ಎಸರು ಕುದಿಯುವಾಗ ತಳದ ಬಿಸಿನೀರು ಮೇಲೇರಿ, ತಣಿದು, ಪಕ್ಕದಿಂದ ಕೆಳಗಿಳಿಯುತ್ತದಲ್ಲವೇ? ಇಲ್ಲಿಯೂ ಅದೇ. ಆ ಕುದಿತದ ಗುರುತು ಮೇಲ್ಗಡೆ ಅಕ್ಕಿಕಾಳಿನಂಥ ಹರಳುಗಳಾಗಿ ಕಾಣುತ್ತದೆ. ಆದರೆ ಒಂದೊಂದು ‘ಕಾಳೂ’ ಸುಮಾರು ಸಾವಿರ ಕಿಲೋಮೀಟರ್ ಅಗಲ.

ನಾವು ಕಾಣುವ ತಟ್ಟೆ ದ್ಯುತಿಗೋಳ, ಸುಮಾರು 5500 ಡಿಗ್ರಿ ಸೆಲ್ಸಿಯಸ್. ಇದನ್ನು ಮೇಲ್ಮೈ ಎನ್ನುವುದು ರೂಢಿ, ಕಾಲೂರಲು ಅಲ್ಲಿ ಗಟ್ಟಿ ನೆಲವೇನೂ ಇಲ್ಲ. ಎಲ್ಲವೂ ಪ್ಲಾಸ್ಮಾ, ಅಂದರೆ ಎಲೆಕ್ಟ್ರಾನುಗಳು ಕಳಚಿಕೊಂಡ ಬಿಸಿ ಅನಿಲ. ಹಾಗಾಗಿಯೇ ಸೂರ್ಯ ಇಡಿಯಾಗಿ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಸಮಭಾಜಕದ ಬಳಿ ಸುಮಾರು 25 ದಿನಕ್ಕೆ ಒಂದು ಸುತ್ತು, ಧ್ರುವಗಳ ಬಳಿ ಹತ್ತಿರ 35 ದಿನ. ಈ ತಟ್ಟೆಯ ಮೇಲಿನ ಮಚ್ಚೆಗಳಾದ ಸೌರಕಲೆಗಳು ಕಪ್ಪಗೆ ಕಾಣುವುದು ಸುತ್ತಲಿನದಕ್ಕಿಂತ ತಣ್ಣಗಿರುವುದರಿಂದ ಅಷ್ಟೇ, ಅವೂ ಸುಮಾರು 3500 ಡಿಗ್ರಿಯಷ್ಟು ಬಿಸಿ. ಬಲವಾದ ಕಾಂತಕ್ಷೇತ್ರ ಅಲ್ಲಿ ಕೆಳಗಿನ ಬಿಸಿಯನ್ನು ಮೇಲೇರಲು ಬಿಡುವುದಿಲ್ಲ. ಸುಮಾರು 11 ವರ್ಷಗಳ ಆವರ್ತನದಲ್ಲಿ ಅವುಗಳ ಸಂಖ್ಯೆ ಏರಿ ಇಳಿಯುತ್ತದೆ. ಕೊಡೈಕೆನಾಲಿನ ಸೌರ ವೀಕ್ಷಣಾಲಯದಲ್ಲಿ 1909ರಲ್ಲಿ ಜಾನ್ ಎವರ್‌ಶೆಡ್ ಈ ಕಲೆಗಳಿಂದ ಅನಿಲ ಹೊರಮುಖವಾಗಿ ಹರಿಯುವುದನ್ನು ಪತ್ತೆ ಹಚ್ಚಿದರು.

ದ್ಯುತಿಗೋಳದ ಮೇಲೆ ತೆಳುವಾದ ಕೆಂಬಣ್ಣದ ವರ್ಣಗೋಳ, ಅದರಾಚೆ ಸೂರ್ಯನ ಹೊರ ವಾತಾವರಣವಾದ ಕರೋನಾ. ಒಗಟು ಇರುವುದು ಇಲ್ಲಿ. ಒಲೆಯಿಂದ ದೂರ ಸರಿದಷ್ಟೂ ಸೆಕೆ ಕಡಿಮೆಯಾಗಬೇಕು. ಕರೋನಾ ಮಾತ್ರ ಹತ್ತು ಲಕ್ಷ ಡಿಗ್ರಿಯನ್ನೂ ಮೀರಿದೆ! ಆದರೆ ಅದು ತೀರಾ ವಿರಳ. ದೀಪಾವಳಿಯ ಸುರುಸುರು ಬತ್ತಿಯ ಕಿಡಿ ಭಾರಿ ಬಿಸಿಯಿದ್ದರೂ ಕೈಗೆ ತಾಗಿದರೆ ಅಷ್ಟಾಗಿ ಸುಡುವುದಿಲ್ಲ, ಹಾಗೆಯೇ ಇದೂ. ತಾಪಮಾನ ಬೇರೆ, ಒಟ್ಟು ಶಾಖ ಬೇರೆ. ಕಾಂತಕ್ಷೇತ್ರವೇ ಅಲ್ಲಿಗೆ ಶಕ್ತಿ ಸಾಗಿಸುತ್ತದೆ ಎಂಬುದರಲ್ಲಿ ವಿಜ್ಞಾನಿಗಳಿಗೆ ಹೆಚ್ಚು ಭಿನ್ನಾಭಿಪ್ರಾಯವಿಲ್ಲ, ಯಾವ ಬಗೆಯಲ್ಲಿ ಎಂಬುದರ ಚರ್ಚೆ ಮುಗಿದಿಲ್ಲ.

ಕರೋನಾ ಬರಿಗಣ್ಣಿಗೆ ಕಾಣುವುದು ಪೂರ್ಣಗ್ರಹಣದ ಆ ಕೆಲವು ನಿಮಿಷ ಮಾತ್ರ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆ ಗ್ರಹಣಕ್ಕೆ ಕಾಯುವುದಿಲ್ಲ. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ಹೊಸಕೋಟೆಯ ತಮ್ಮ ಕೇಂದ್ರದಲ್ಲಿ ಜೋಡಿಸಿದ ಉಪಕರಣ ಅದರಲ್ಲಿದೆ. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ಅದು ಸೂರ್ಯನ ತಟ್ಟೆಯನ್ನು ತಾನೇ ಮರೆಮಾಡಿಕೊಂಡು, ಸುತ್ತಲಿನ ಕರೋನಾವನ್ನು ನೋಡುತ್ತದೆ.