ಫೀನಿಕ್ಸ್ ಗಿರಣಿ ಮಾಲ್ ಆದದ್ದು ಹೇಗೆ

ಮುಂಬೈನ ಲೋವರ್ ಪರೇಲ್‌ನ ಫೀನಿಕ್ಸ್ ಮಾಲ್ ಆವರಣದಲ್ಲಿ ಹಳೆಯ ಬಟ್ಟೆ ಗಿರಣಿಯ ಚಿಮಣಿಯನ್ನು ಉಳಿಸಿಕೊಂಡಿದ್ದಾರೆ. ಪರಂಪರೆಯ ರಕ್ಷಣೆ ಎಂದರೆ ಇದೇ ಎಂದು ಅನೇಕರು ಮೆಚ್ಚುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಇಲ್ಲಿ ನಿಜವಾಗಿ ಕೈತಪ್ಪಿದ್ದು ಜಮೀನು.

1905ರಲ್ಲಿ ಸ್ಥಾಪನೆಯಾದ ಫೀನಿಕ್ಸ್ ಮಿಲ್ಸ್ ಇದ್ದದ್ದು ಗಿರಣಗಾಂವ್, ಅಂದರೆ ಗಿರಣಿಗಳ ಊರು, ಎಂದೇ ಹೆಸರಾದ ಪ್ರದೇಶದಲ್ಲಿ. ಪಾಳಿ ಮುಗಿಸಿದ ಕಾರ್ಮಿಕರು ನಡೆದೇ ಚಾಳ್, ಅಂದರೆ ಒಂದೊಂದು ಕೋಣೆಯ ಸಾಲುಮನೆ, ಸೇರುತ್ತಿದ್ದರು. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಮುಂಬೈನ ಗಿರಣಿಗಳ ಸುಮಾರು ಎರಡೂವರೆ ಲಕ್ಷ ಜನ ಕೆಲಸ ನಿಲ್ಲಿಸಿದರು. ಗಿರಣಿಗಳನ್ನು ಮುಷ್ಕರವೇ ಮುಳುಗಿಸಿತು ಅನ್ನುವವರಿದ್ದಾರೆ. ಆದರೆ ಯಂತ್ರಗಳು ಆಗಲೇ ಹಳತಾಗಿದ್ದವು, ಮುಂಬೈ ಬಳಿಯ ಭಿವಂಡಿಯ ಪವರ್‌ಲೂಮ್‌ಗಳು (ವಿದ್ಯುತ್ ಮಗ್ಗಗಳು) ಅಗ್ಗಕ್ಕೆ ನೇಯುತ್ತಿದ್ದವು. ಬಟ್ಟೆಗಿಂತ ನೆಲವೇ ಹೆಚ್ಚು ಬಾಳುವ ಕಾಲ ಬಂದಿತ್ತು.

1991ರ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯ 58ನೇ ನಿಯಮ ಈ ನೆಲಕ್ಕೆ ಲೆಕ್ಕ ಹಾಕಿಕೊಟ್ಟಿತು. ಗಿರಣಿ ಜಮೀನನ್ನು ಹೊಸದಾಗಿ ಅಭಿವೃದ್ಧಿಪಡಿಸಿದರೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಉದ್ಯಾನ, ಮೈದಾನಗಳಿಗೆ, ಇನ್ನೊಂದು ಪಾಲು ಬಡವರ ಮನೆಗಳಿಗೆ, ಉಳಿದದ್ದು ಮಾಲೀಕರಿಗೆ. ನಗರದಲ್ಲಿ ಸುಮಾರು 600 ಎಕರೆ ಗಿರಣಿ ಜಮೀನಿತ್ತು. ಉಸಿರಾಡಲು ಜಾಗವಿಲ್ಲದ ಊರಿಗೆ ಇಂಥ ಅವಕಾಶ ಮತ್ತೆ ಬರುವಂಥದ್ದಲ್ಲ. ಆದರೆ ಇರುವ ಕಟ್ಟಡವನ್ನೇ ವಾಣಿಜ್ಯಕ್ಕೆ ಬಳಸಿಕೊಂಡರೆ ಜಮೀನು ಬಿಟ್ಟುಕೊಡಬೇಕಾಗಿರಲಿಲ್ಲ. ಹಾಗಾಗಿ ಶೆಡ್ಡುಗಳು ಉಳಿದವು, ಅವುಗಳೊಳಗೆ ಅಂಗಡಿ, ಹೋಟೆಲು, ಕಚೇರಿಗಳು ತುಂಬಿಕೊಂಡವು. ಫೀನಿಕ್ಸ್‌ನಲ್ಲಿ ಬೌಲಿಂಗ್ ಆಟದ ತಾಣವೂ ಬಂತು.

2001ರಲ್ಲಿ ರಾಜ್ಯ ಸರ್ಕಾರ ನಿಯಮವನ್ನು ತಿದ್ದಿತು: ಮೊದಲೇ ಖಾಲಿ ಇದ್ದ ಜಾಗವನ್ನಷ್ಟೇ ಹಂಚಿದರೆ ಸಾಕು, ಕಟ್ಟಡ ಕೆಡವಿದಾಗ ಸಿಗುವ ನೆಲ ಲೆಕ್ಕಕ್ಕಿಲ್ಲ. ಗಿರಣಿಗಳಲ್ಲಿ ಬಹುಪಾಲು ನೆಲ ಶೆಡ್ಡುಗಳ ಅಡಿಯಲ್ಲೇ ಇತ್ತು. ಸಾರ್ವಜನಿಕರ ಪಾಲು ಅಲ್ಲಿಗೇ ಕುಸಿಯಿತು. 2005ರಲ್ಲಿ ಬಾಂಬೆ ಹೈಕೋರ್ಟ್ ಊರಿನ ಪರವಾಗಿ ತೀರ್ಪು ಕೊಟ್ಟರೂ, ಮರುವರ್ಷ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನೇ ಎತ್ತಿಹಿಡಿಯಿತು.

ಗಿರಣಿ ಜಾಗಗಳಲ್ಲಿ ದಟ್ಟವಾಗಿ ಬೆಳೆದ ವ್ಯಾಪಾರ ಎಷ್ಟು ಅಪಾಯಕಾರಿ ಎಂಬುದನ್ನು 2017ರ ಡಿಸೆಂಬರ್ 29ರಂದು ಹತ್ತಿರದ ಕಮಲಾ ಮಿಲ್ಸ್ ಆವರಣದ ಬೆಂಕಿ ತೋರಿಸಿತು. 14 ಜನ ಸತ್ತರು.

ಗಿರಣಿ ಕಾರ್ಮಿಕರ ಮನೆಗಳಿಗೆ ರಾಜ್ಯದ ವಸತಿ ಪ್ರಾಧಿಕಾರ ಮಹಾಡಾ ಮೊದಲ ಲಾಟರಿ ಎತ್ತಿದ್ದು 2012ರಲ್ಲಿ, ಮುಷ್ಕರ ಶುರುವಾಗಿ 30 ವರ್ಷಗಳ ಮೇಲೆ. ಅರ್ಜಿ ಹಾಕಿದವರು ಲಕ್ಷಕ್ಕೂ ಹೆಚ್ಚು. 2016ರ ಒಂದು ಲಾಟರಿಯ ಮನೆಗಳಂತೂ ಗಿರಣಗಾಂವ್‌ನಲ್ಲಿರಲಿಲ್ಲ, ದೂರದ ಪನ್ವೇಲ್ ಬಳಿಯ ಕೋನ್‌ನಲ್ಲಿದ್ದವು.