ರೌಂಡ್ಸ್‌ಗೆ ಅಂತ ಯಾರೂ ಫೋನ್ ಮಾಡುವುದಿಲ್ಲ

ಬೆಳಿಗ್ಗೆ 6 ಗಂಟೆಗೆ ನರ್ಸ್ ಒಬ್ಬರ ಫೋನ್. "ಮೇಡಂ, ರಾತ್ರಿಯಿಂದ ಜ್ವರ, ಇವತ್ತು ಬರೋಕಾಗಲ್ಲ." ಮಾರ್ನಿಂಗ್ ಡ್ಯೂಟಿ ಶುರುವಾಗಲು ಇನ್ನು ಒಂದೂವರೆ ಗಂಟೆ ಇದೆ. ಯಾರನ್ನು ಕರೆಯಲಿ? ವೀಕ್ಲಿ ಆಫ್‌ನಲ್ಲಿ ಮಲಗಿರುವವರನ್ನಾ, ರಾತ್ರಿಯೆಲ್ಲ ಎದ್ದಿದ್ದವರನ್ನಾ? ನರ್ಸಿಂಗ್ ಮ್ಯಾನೇಜರ್ ಆದ ನನ್ನ ದಿನ ಎಷ್ಟೋ ಸಲ ಶುರುವಾಗುವುದೇ ಹೀಗೆ.

ರೋಸ್ಟರ್, ಅಂದರೆ ಯಾರಿಗೆ ಯಾವ ಡ್ಯೂಟಿ ಅನ್ನುವ ಪಟ್ಟಿ, ಸುಮ್ನೆ ಹೆಸರು ಬರೆಯೋದು ಅಲ್ವಾ ಅಂತ ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ವಾರ್ಡಿನಲ್ಲಿ ಹಗಲೂ ರಾತ್ರಿ ಒಬ್ಬ ನರ್ಸ್ ಇರಬೇಕೆಂದರೆ, ದಿನಕ್ಕೆ 3ರಂತೆ ವರ್ಷಕ್ಕೆ 1,095 ಶಿಫ್ಟ್ ತುಂಬಬೇಕು. ವಾರಕ್ಕೊಂದು ಆಫ್, ವರ್ಷಕ್ಕೆ 30 ದಿನ ರಜೆ ಅಂತ ಹಿಡಿದರೆ ಒಬ್ಬರು ಕೆಲಸಕ್ಕೆ ಬರುವುದು ಸುಮಾರು 283 ದಿನ. ಅಂದರೆ ಒಂದೇ ಒಂದು ಜಾಗಕ್ಕೆ ಹತ್ತಿರ ಹತ್ತಿರ 4 ಜನ ಬೇಕು. 3 ಜನ ಸಾಕು ಅಂತ ಆಡಳಿತದವರು ಅಂದುಕೊಂಡರೆ, ಉಳಿದ ಕೊರತೆಯನ್ನು ದಿನಾ ಫೋನ್ ಹಿಡಿದು ತುಂಬಿಸುವುದು ಮ್ಯಾನೇಜರ್. ಆ ಹೊತ್ತು ಯಾವ ರಿಪೋರ್ಟಿನಲ್ಲೂ ಕಾಣುವುದಿಲ್ಲ.

ಒಮ್ಮೆ ಒಂದು ವಾರ, 15 ನಿಮಿಷಕ್ಕೊಮ್ಮೆ ನಾನು ಏನು ಮಾಡುತ್ತಿದ್ದೆ ಎಂದು ಪುಟ್ಟ ಡೈರಿಯಲ್ಲಿ ಬರೆದಿಟ್ಟೆ. ಇಂಡೆಂಟ್ (ವಾರ್ಡಿಗೆ ಬೇಕಾದ ಸಾಮಾನಿನ ಬೇಡಿಕೆ ಪಟ್ಟಿ), ಮೀಟಿಂಗ್, ಆಡಿಟ್ ಫೈಲ್, ರಜೆ ಅರ್ಜಿ. ಎಷ್ಟೋ ಸಾಲುಗಳಲ್ಲಿ ಮೂರು ಮೂರು ಕೆಲಸ. ಮ್ಯಾನೇಜ್‌ಮೆಂಟ್ ವಿದ್ವಾಂಸ ಹೆನ್ರಿ ಮಿಂಟ್ಸ್‌ಬರ್ಗ್ ಸಂಸ್ಥೆಗಳ ಐವರು ಮುಖ್ಯಸ್ಥರ ದಿನವನ್ನು ಹತ್ತಿರದಿಂದ ನೋಡಿ 1973ರಲ್ಲಿ ಬರೆದದ್ದೂ ಇದನ್ನೇ. ಅವರ ಕೆಲಸಗಳಲ್ಲಿ ಅರ್ಧದಷ್ಟು 9 ನಿಮಿಷವೂ ಹಿಡಿದಿರಲಿಲ್ಲ. ಹಾಗಾಗಿ ದಿನ ಚೂರುಚೂರಾಗುವುದು ನನಗೆ ದೊಡ್ಡ ದೂರಲ್ಲ. ಆದರೆ ಈ ಗಡಿಬಿಡಿಯಲ್ಲಿ ಮೊದಲು ಬಿಟ್ಟುಹೋಗುವುದು ವಾರ್ಡ್ ರೌಂಡ್ಸ್, ಅಂದರೆ ರೋಗಿಗಳ ಹತ್ತಿರ ಹೋಗಿ ನೋಡಿ ಬರುವುದು. ಅದೇ ನನಗೆ ಸಂಕಟ.

ಆ ವಾರ ರೌಂಡ್ಸ್‌ಗೆ ಹೋದದ್ದು ಎರಡೇ ದಿನ. ಒಂದು ದಿನ ಅಜ್ಜಿಯೊಬ್ಬರ ಕೈ ಹಿಡಿದೆ. ಡ್ರಿಪ್ ಹಾಕಿದ ಜಾಗ ಊದಿತ್ತು, ಮುಟ್ಟಿದರೆ ತಣ್ಣಗಿತ್ತು. ನೀರು ನರದಿಂದ ಹೊರಗೆ ಹೋಗುತ್ತಿತ್ತು. ಪಕ್ಕದಲ್ಲಿದ್ದ ಹೊಸ ಸಿಸ್ಟರ್‌ಗೆ ಅನುಮಾನ ಬಂದಿತ್ತಂತೆ, ಕೇಳಲು ಹೆದರಿದ್ದರು. ಡ್ರಿಪ್ ನಿಲ್ಲಿಸಿ, ಕ್ಯಾನುಲಾ (ನರಕ್ಕೆ ಹಾಕಿದ ಸಣ್ಣ ಕೊಳವೆ) ತೆಗೆದು, ಇಬ್ಬರೂ ಸೇರಿ ಇನ್ನೊಂದು ಕೈಗೆ ಹಾಕಿದೆವು. ಅವತ್ತು ಸಂಜೆ ಆ ಸಿಸ್ಟರ್ ತಾವಾಗೇ ಬಂದು ಇನ್ನೂ ಎರಡು ಪ್ರಶ್ನೆ ಕೇಳಿದರು.

ಈಗ ಹ್ಯಾಂಡ್‌ಓವರ್ (ಒಂದು ಶಿಫ್ಟಿನವರು ಮುಂದಿನವರಿಗೆ ರೋಗಿಗಳ ವಿವರ ಒಪ್ಪಿಸುವುದು) ಮುಗಿದ ಕೂಡಲೇ ಅರ್ಧ ಗಂಟೆ ರೌಂಡ್ಸ್. ನನ್ನ ಫೋನ್ ಆಗ ಇನ್‌ಚಾರ್ಜ್ ಸಿಸ್ಟರ್ ಕೈಯಲ್ಲಿರುತ್ತದೆ. ಡೈರಿಯ ಲೆಕ್ಕವನ್ನೇ ಮುಂದಿಟ್ಟು ಒಬ್ಬ ವಾರ್ಡ್ ಕ್ಲರ್ಕ್ ಬೇಕೆಂದು ಕೇಳಿದೆ. ನಾಲ್ಕು ತಿಂಗಳು ಹಿಡಿಯಿತು, ಸಿಕ್ಕಿದರು. ಇಂಡೆಂಟ್, ರಜೆ ಅರ್ಜಿ ಈಗ ಅವರ ಮೇಜಿಗೆ ಹೋಗುತ್ತವೆ. 6 ಗಂಟೆಯ ಫೋನ್ ಮಾತ್ರ ಇನ್ನೂ ನನಗೇ ಬರುತ್ತದೆ.