ದೋಬಿ ಲೆಕ್ಕಕ್ಕೆ ಸಿಗದ ನೈಟ್‌ಗೌನ್: 'ಮೂನ್‌ಸ್ಟೋನ್' ಕಾದಂಬರಿಯ ಹಿಂದಿನ ಕೊಲೆ

ವಿಲ್ಕಿ ಕಾಲಿನ್ಸ್‌ನ 'ದಿ ಮೂನ್‌ಸ್ಟೋನ್' ಶುರುವಾಗುವುದು ನಮ್ಮ ಶ್ರೀರಂಗಪಟ್ಟಣದಲ್ಲಿ, 1799ರ ಮೇ 4ರಂದು, ಕೋಟೆ ಬಿದ್ದ ದಿನ. ಟಿಪ್ಪುವಿನ ಕಠಾರಿಯ ಹಿಡಿಯಲ್ಲಿದ್ದ ವಜ್ರವನ್ನು ಇಂಗ್ಲಿಷ್ ಅಧಿಕಾರಿಯೊಬ್ಬ ದೋಚುತ್ತಾನೆ. ಹೀಗಾಗಿ ಇದನ್ನು ವಜ್ರದ ಕಥೆಯೆಂದು ನೆನಪಿಟ್ಟುಕೊಂಡವರೇ ಹೆಚ್ಚು. ಆದರೆ ಕಾದಂಬರಿಯ ತನಿಖೆ ಪೂರ್ತಿ ಒಂದು ರಾತ್ರಿಯುಡುಪಿನ ಸುತ್ತ ತಿರುಗುತ್ತದೆ. ಅದು ಬಂದದ್ದು 1860ರ ಒಂದು ನಿಜವಾದ ಕೊಲೆಯಿಂದ.

ಇಂಗ್ಲೆಂಡಿನ ವಿಲ್ಟ್‌ಷೈರ್ ಮತ್ತು ಸಾಮರ್‌ಸೆಟ್ ಗಡಿಯ ರೋಡ್ ಎಂಬ ಹಳ್ಳಿಯಲ್ಲಿ ರೋಡ್ ಹಿಲ್ ಹೌಸ್ ಎಂಬ ದೊಡ್ಡ ಮನೆ. ಯಜಮಾನ ಸ್ಯಾಮ್ಯುಯೆಲ್ ಕೆಂಟ್, ಕಾರ್ಖಾನೆಗಳ ಸರ್ಕಾರಿ ಇನ್‌ಸ್ಪೆಕ್ಟರ್. ಮೊದಲ ಹೆಂಡತಿ ತೀರಿಕೊಂಡ ಮೇಲೆ ಮಕ್ಕಳ ಗವರ್ನೆಸ್ಸನ್ನೇ ಮದುವೆಯಾಗಿದ್ದ. ಜೂನ್ 29ರ ರಾತ್ರಿ ಎರಡನೇ ಹೆಂಡತಿಯ ಮಗ, ಇನ್ನೂ ನಾಲ್ಕು ತುಂಬದ ಸ್ಯಾವಿಲ್, ತೊಟ್ಟಿಲಿನಿಂದ ಕಾಣೆಯಾದ. ಮುಂಜಾನೆ ಐದಕ್ಕೆ ಎಚ್ಚರವಾದ ದಾದಿ, ತಾಯಿ ಎತ್ತಿಕೊಂಡು ಹೋಗಿರಬೇಕೆಂದುಕೊಂಡು ಮತ್ತೆ ಮಲಗಿದಳು. ಬೆಳಗಾದ ಮೇಲೆ ತೋಟದ ಪಾಯಖಾನೆಯ ಗುಂಡಿಯಲ್ಲಿ ಕತ್ತು ಸೀಳಿದ ಶವ ಸಿಕ್ಕಿತು, ಎದೆಗೂ ಒಂದು ಇರಿತ. ಡ್ರಾಯಿಂಗ್ ರೂಮಿನ ಕಿಟಕಿ ತೆರೆದಿತ್ತು. ಮನೆಯೊಳಗಿನವರದೇ ಕೆಲಸ ಎಂಬ ಅನುಮಾನ ಬೇಗ ಗಟ್ಟಿಯಾಯಿತು.

ಮೊದಲ ಎಡವಟ್ಟು ಆದದ್ದು ಅದೇ ದಿನ ಸಂಜೆ. ಅಡುಗೆಮನೆಯ ಹಂಡೆಯೊಲೆಯ ಗೂಡಿನಲ್ಲಿ ಪೊಲೀಸರಿಗೆ ರಕ್ತ ಮೆತ್ತಿದ ಹೆಂಗಸರ ಒಳಂಗಿಯೊಂದು ಸಿಕ್ಕಿತು. ಬಚ್ಚಿಟ್ಟವರು ತೆಗೆಯಲು ಬಂದಾಗ ಹಿಡಿಯೋಣವೆಂದು ಅದನ್ನು ಅಲ್ಲೇ ಇಟ್ಟರು. ರಾತ್ರಿ ಇಬ್ಬರು ಪೇದೆಗಳು ಅಡುಗೆಮನೆಯಲ್ಲಿ ಕಾವಲು ಕೂತರು. ಮನೆಯ ಯಜಮಾನ ಹೊರಗಿನಿಂದ ಚಿಲಕ ಹಾಕಿದ. ಬಟ್ಟೆ ಮಾಯವಾಯಿತು. ಇದು ಮುಟ್ಟಿನ ಕಲೆಯಿರಬೇಕು, ಬಾಯಿಬಿಟ್ಟು ಹೇಳುವ ವಿಷಯವಲ್ಲ ಎಂಬ ಸಂಕೋಚದಲ್ಲಿ ಸ್ಥಳೀಯ ಪೊಲೀಸರು ಸುದ್ದಿಯನ್ನೇ ಮುಚ್ಚಿಟ್ಟರು. ಅದು ಹೊರಬಿದ್ದದ್ದು ನವೆಂಬರಿನಲ್ಲಿ. ಮನುಷ್ಯರ ರಕ್ತವನ್ನು ಪ್ರಾಣಿಗಳ ರಕ್ತದಿಂದ ಬೇರ್ಪಡಿಸಿ ಹೇಳುವ ಪರೀಕ್ಷೆ ಬರಲು ಆಗಿನ್ನೂ 40 ವರ್ಷ ಇತ್ತು. ಆದರೂ ಆ ಒಳಂಗಿ ಯಾರದು ಎಂದು ಹೊಲಿಗೆ, ಅಳತೆ, ಬಟ್ಟೆಯ ದಪ್ಪ ನೋಡಿ ವಿಚಾರಿಸಬಹುದಿತ್ತು. ಅಷ್ಟೂ ಆಗಲಿಲ್ಲ.

ಜುಲೈ ಮಧ್ಯದಲ್ಲಿ ಸ್ಕಾಟ್‌ಲೆಂಡ್ ಯಾರ್ಡಿನಿಂದ ಜಾಕ್ ವಿಚರ್ ಬಂದ. 1842ರಲ್ಲಿ ಕೇವಲ ಎಂಟು ಮಂದಿಯಿಂದ ಶುರುವಾದ ಪತ್ತೇದಾರಿ ದಳದ ಮೊದಲ ತಂಡದವನು. ಒಳಂಗಿಯ ವಿಷಯ ಅವನಿಗೂ ಹೇಳಲಿಲ್ಲ. ಆದರೆ ಅವನು ಕೈಹಾಕಿದ್ದು ಬಟ್ಟೆಗೇ. ಮೊದಲ ಹೆಂಡತಿಯ ಮಗಳು, 16ರ ಕಾನ್‌ಸ್ಟೆನ್ಸ್‌ಗೆ ಮೂರು ನೈಟ್‌ಗೌನ್‌ಗಳಿದ್ದವು. ಈಗ ಎರಡೇ. ಮೂರನೆಯದು ಬಟ್ಟೆ ಒಗೆಯುವಾಕೆಯ ಮನೆಯಲ್ಲಿ ಕಳೆದಿದೆ ಎಂದು ಮನೆಯವರ ದೂರು. ಬುಟ್ಟಿಯಲ್ಲಿ ಅದು ಬಂದೇ ಇರಲಿಲ್ಲ ಎಂದು ಆಕೆಯ ಉತ್ತರ.

ವಿಚರ್ ಕಟ್ಟಿದ ಲೆಕ್ಕ ಹೀಗೆ. ಕೊಲೆಯ ರಾತ್ರಿ ಉಟ್ಟದ್ದನ್ನು ಹುಡುಗಿ ನಾಶ ಮಾಡಿದಳು. ಸೋಮವಾರ ಇನ್ನೊಂದನ್ನು ಒಗೆಯಲು ಹಾಕಿದಳು. ಕೆಲಸದಾಕೆ ಅದನ್ನು ಬುಟ್ಟಿಗೆ ಹಾಕಿದ್ದಾಯಿತು, ದೋಬಿ ಪುಸ್ತಕದಲ್ಲಿ ಬರೆದದ್ದೂ ಆಯಿತು. ಆಮೇಲೆ ಕಾನ್‌ಸ್ಟೆನ್ಸ್ ಬಂದು, ಲಂಗದ ಜೇಬಿನಲ್ಲಿ ಪರ್ಸ್ ಉಳಿದಿದೆಯಾ ನೋಡು ಎಂದಳು. ಕುಡಿಯಲು ನೀರು ತಾ ಎಂದು ಕೆಳಗೆ ಕಳಿಸಿದಳು. ಆ ಒಂದು ನಿಮಿಷದಲ್ಲಿ ಗೌನ್ ಬುಟ್ಟಿಯಿಂದ ವಾಪಸ್ ತೆಗೆದಳು. ಪುಸ್ತಕದಲ್ಲಿದೆ, ಬುಟ್ಟಿಯಲ್ಲಿಲ್ಲ: ಒಂದು ಕಡಿಮೆಯಾದ ತಪ್ಪು ಬಟ್ಟೆ ಒಗೆಯುವಾಕೆಯ ತಲೆಗೆ.

ತರ್ಕ ಎಲ್ಲೂ ಸಡಿಲವಿಲ್ಲ. ತೋರಿಸಲು ಬಟ್ಟೆ ಮಾತ್ರ ಇಲ್ಲ! ಇಲ್ಲದ ಗೌನನ್ನು ಹಿಡಿದು ಗೌರವಸ್ಥರ ಮನೆಯ ಹುಡುಗಿಯನ್ನು ಕಟಕಟೆಗೆ ತಂದನೆಂದು ಪತ್ರಿಕೆಗಳು ವಿಚರ್‌ನ ಮೇಲೆ ಮುಗಿಬಿದ್ದವು. ಹುಡುಗಿ ಜಾಮೀನಿನ ಮೇಲೆ ಮನೆಗೆ ಹೋದಳು. ಶ್ರೀಮಂತರ ಮನೆಯ ಕೊಳೆಬಟ್ಟೆಯನ್ನು ತೋಟಗಾರನ ಮಗನೊಬ್ಬ ಎಣಿಸಿದ್ದು ಆ ಸಮಾಜಕ್ಕೆ ಕೊಲೆಗಿಂತ ಹೆಚ್ಚು ಚುಚ್ಚಿದಂತೆ ಕಾಣುತ್ತದೆ. 1864ರಲ್ಲಿ ವಿಚರ್ ನೌಕರಿ ಬಿಟ್ಟ. ಮರುವರ್ಷ ಏಪ್ರಿಲ್ 25ರಂದು ಕಾನ್‌ಸ್ಟೆನ್ಸ್ ಲಂಡನ್ನಿನ ಬೋ ಸ್ಟ್ರೀಟ್ ಕೋರ್ಟಿಗೆ ತಾನೇ ಬಂದು ತಪ್ಪೊಪ್ಪಿಕೊಂಡಳು. ಗಲ್ಲು ಶಿಕ್ಷೆ ಜೀವಾವಧಿಯಾಯಿತು.

ಕಾಲಿನ್ಸ್ 1868ರಲ್ಲಿ ಇದನ್ನೆಲ್ಲ ಬಿಡಿಬಿಡಿಯಾಗಿ ಬಳಸಿದ. ಮಗುವಿನ ಕೊಲೆಯ ಜಾಗದಲ್ಲಿ ವಜ್ರದ ಕಳವು, ರಕ್ತದ ಜಾಗದಲ್ಲಿ ಕಳವಾದ ಕೋಣೆಯ ಬಾಗಿಲಿನ ಹಸಿ ಬಣ್ಣ. ಕಾದಂಬರಿಯ ಪತ್ತೇದಾರ ಸಾರ್ಜೆಂಟ್ ಕಫ್ ಮಾಡುವ ಲೆಕ್ಕ ನೋಡಿ: ಬುಧವಾರ ಮಧ್ಯಾಹ್ನ ಮೂರಕ್ಕೆ ಬಳಿದ ಬಣ್ಣ ಒಣಗಲು 12 ಗಂಟೆ ಬೇಕು, ನಡುರಾತ್ರಿಯಲ್ಲಿ ಅದು ಕೆಟ್ಟಿರಲಿಲ್ಲ, ಹಾಗಾದರೆ ಬಟ್ಟೆ ತಾಗಿದ್ದು ನಡುರಾತ್ರಿಯಿಂದ ಮೂರರೊಳಗೆ. ಅವನೂ ದೋಬಿ ಪುಸ್ತಕ ಕೇಳುತ್ತಾನೆ, ಅಲ್ಲೂ ಮನೆಯವರಿಗೆ ಮುಖಭಂಗ. ಆದರೆ ಕಾದಂಬರಿಯಲ್ಲಿ ಆ ನೈಟ್‌ಗೌನ್ ಹುದುಲು ಮರಳಿನಡಿ, ತಗಡಿನ ಪೆಟ್ಟಿಗೆಯಲ್ಲಿ ಬಣ್ಣದ ಕಲೆಯೊಂದಿಗೆ ಸಿಗುತ್ತದೆ.

ರೋಡ್ ಹಿಲ್ ಮನೆಯಲ್ಲಿ ಹಾಗೆ ಏನೂ ಸಿಗಲಿಲ್ಲ. ತಂದೆಯ ಕ್ಷೌರದ ಕತ್ತಿಯಿಂದ ಒಬ್ಬಳೇ ಕೊಂದೆ ಎಂದಳು ಕಾನ್‌ಸ್ಟೆನ್ಸ್. ತುದಿ ಮೊಂಡಾದ ಕ್ಷೌರದ ಕತ್ತಿಯಿಂದ ಎದೆಯ ಆ ಇರಿತ ಹೇಗಾಯಿತು ಎನ್ನುವುದಕ್ಕೆ ಹೇಳಿಕೆಯಲ್ಲಿ ಉತ್ತರವಿಲ್ಲ. ತಮ್ಮ ವಿಲಿಯಂ ಜೊತೆಗಿದ್ದನೇ ಎಂದು ವಿಚರ್‌ಗೆ ಆಗಲೇ ಶಂಕೆಯಿತ್ತು. ಗುಂಡಿಯೊಳಗೆ ಸಿಗದ ಚಾಕು, ಮಾಯವಾದ ಒಳಂಗಿ, ಸುಟ್ಟ ಗೌನ್, ಈ ಮೂರೂ ಇಲ್ಲದೆ ಅದನ್ನು ಸಾಬೀತು ಮಾಡಲು ಆಗಲಿಲ್ಲ, ತಳ್ಳಿಹಾಕಲೂ ಆಗಲಿಲ್ಲ. ಆಕೆ 20 ವರ್ಷ ಜೈಲಿನಲ್ಲಿದ್ದು 1885ರಲ್ಲಿ ಹೊರಬಂದಳು. ಆಸ್ಟ್ರೇಲಿಯಾಕ್ಕೆ ಹೋಗಿ ಹೆಸರು ಬದಲಿಸಿ ನರ್ಸ್ ಆದಳು. 1944ರಲ್ಲಿ, ನೂರು ತುಂಬಿದ ಎರಡು ತಿಂಗಳಿಗೆ, ತೀರಿಕೊಂಡಳು.